ಎಂಟೂ ಇಪ್ಪತ್ತರ ಹಾಡು

ಹೋದ ತಿಂಗಳು ಒಂದು ಸಂಜೆ ಮಂಡ್ಯದಿಂದ ಬಂದು ಮೈಸೂರಿನ ಸಬರ್ಬನ್ ಸ್ಟ್ಯಾಂಡಿನಲ್ಲಿ ಇಳಿದು ಕುವೆಂಪುನಗರಕ್ಕೆ ಆಟೋ ಹಿಡಿದೆ. ಹ್ಯಾಂಡಲ್ ಕೆಳಗೆ ಒಂದು ರೇಡಿಯೋ ಸೆಟ್ ಇತ್ತು. ಅದರ ಮೇಲೆ ಗಾಜು ಒರೆಸುವ ಬಟ್ಟೆ ಮಡಚಿಟ್ಟಿತ್ತು. ಧೂಳು ನೋಡಿದರೆ ಆ ಸೆಟ್ ಹಾಕಿ ಬಹಳ ದಿನ ಆಗಿದೆ ಅಂತ ಗೊತ್ತಾಗುತ್ತಿತ್ತು. ರೇಡಿಯೋದಲ್ಲಿ ಕೆಲಸ ಮಾಡಿದವರಿಗೆ ಇದೊಂದು ಚಾಳಿ. ಯಾವ ಆಟೋ ಹತ್ತಿದರೂ, ಯಾವ ಹೋಟೆಲಿಗೆ ಹೋದರೂ ಮೊದಲು ಕಣ್ಣು ಹುಡುಕುವುದು ಸೆಟ್ ಎಲ್ಲಿದೆ, ಯಾವ ಸ್ಟೇಷನ್ ಹಾಕಿದ್ದಾರೆ ಅಂತ. ಕೆಲಸ ಬಿಟ್ಟು ಮೂರು ವರ್ಷದ ಮೇಲಾಯಿತು, ಚಾಳಿ ಮಾತ್ರ ಹೋಗಿಲ್ಲ. "ರೇಡಿಯೋ ಹಾಕಲ್ವಾ ಅಣ್ಣ?" ಅಂತ ಕೇಳಿಯೇ ಬಿಟ್ಟೆ.

"ಬೆಳಿಗ್ಗೆ ಬರ್ತಿದ್ರಲ್ಲ ಸಾರ್, ಆ ಅಣ್ಣ. ಅವ್ರು ಹೋದ್ಮೇಲೆ ನಿಲ್ಲಿಸ್ಬಿಟ್ಟೆ" ಅಂದರು.

ಯಾವ ಅಣ್ಣ ಅಂತ ನಾನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ನಾಲ್ಕು ವರ್ಷ ಆ ಅಣ್ಣನ ಎದುರಿನ ಗಾಜಿನ ಆಚೆ ಕೂತಿದ್ದವನು ನಾನೇ. ಮೈಸೂರಿನ ಒಂದು ಖಾಸಗಿ ಎಫ್‌ಎಂನಲ್ಲಿ ಬೆಳಗಿನ ಶೋ ಪ್ರೊಡ್ಯೂಸರ್ ಅಂತ ನನ್ನ ಹುದ್ದೆ. ಅದನ್ನು ಆಟೋದವರಿಗೆ ಹೇಳಲಿಲ್ಲ. ಬದಲಿಗೆ, ಆ ಅಣ್ಣನ ಶೋನಲ್ಲಿ ನಿಮಗೆ ಏನು ಇಷ್ಟ ಆಗ್ತಿತ್ತು ಅಂತ ಕೇಳಿದೆ. ಮನುಷ್ಯ ಹಾರ್ಡಿಂಜ್ ಸರ್ಕಲ್ಲಿನಿಂದ ಗನ್ ಹೌಸ್ ತನಕ ಯೋಚನೆ ಮಾಡಿದರು. ಒಂದು ಜೋಕು ನೆನಪಾಗಲಿಲ್ಲ. ನಾವು ತಲೆ ಕೆಡಿಸಿಕೊಂಡು ಬರೆದ ಒಂದು ಸ್ಪರ್ಧೆ, ಒಂದು ಪಾತ್ರ, ಒಂದು ಮಿಮಿಕ್ರಿ, ಯಾವುದೂ ನೆನಪಾಗಲಿಲ್ಲ. ಕೊನೆಗೆ ಹೇಳಿದರು: "ಎಂಟೂ ಇಪ್ಪತ್ತಕ್ಕೆ ಒಂದು ಹಳೇ ಹಾಡು ಹಾಕೋರು ಸಾರ್."

ಅವರದು ಸ್ಕೂಲ್ ಆಟೋ. ಬೆಳಿಗ್ಗೆ ಕುವೆಂಪುನಗರದಲ್ಲಿ ಮಕ್ಕಳನ್ನು ತುಂಬಿಕೊಂಡು ಲಕ್ಷ್ಮೀಪುರಂ ಕಡೆ ಒಂದು ಶಾಲೆಗೆ ಬಿಡಬೇಕು. ಎಂಟೂವರೆಗೆ ಗೇಟು ಹಾಕುತ್ತಾರೆ. ಹಾಡು ಶುರುವಾದಾಗ ಕೊನೆಯ ಮಗು ಹತ್ತಿರಬೇಕು. ಮೊದಲನೇ ಚರಣ ಮುಗಿಯುವುದರೊಳಗೆ ಬಲ್ಲಾಳ್ ಸರ್ಕಲ್ ದಾಟಿರಬೇಕು. ಹಾಡು ಮುಗಿದು ಜಾಹೀರಾತು ಶುರುವಾದರೆ ಗೇಟಿನ ಹತ್ತಿರ ಇರಬೇಕು. "ಮೊಬೈಲ್ ಇದೆಯಲ್ಲ, ಅಲಾರಂ ಇಟ್ಕೊಬಹುದಿತ್ತು" ಅಂದೆ. ಅವರು ಹಿಂದೆ ತಿರುಗಿ ನನ್ನನ್ನೊಮ್ಮೆ ನೋಡಿದರು. "ಅಲಾರಂ ಬಡ್ಕೊಳತ್ತೆ ಅಷ್ಟೇ ಸಾರ್. ಹಾಡಂದ್ರೆ ಇನ್ನೂ ಎಷ್ಟು ಉಳಿದಿದೆ ಅಂತ ಗೊತ್ತಾಗತ್ತೆ. ಹಳೇ ಹಾಡಲ್ವಾ, ಬಾಯಿಪಾಠ ಇರತ್ತೆ."

ಅವತ್ತಿನಿಂದ ಈ ಮಾತು ತಲೆಯಲ್ಲಿ ಕೂತಿದೆ. ಯಾಕೆಂದರೆ ಆ ಹಾಡನ್ನು ತೆಗೆಸಿದವನು ನಾನು.

ಟಿಫನ್ ಬಾಕ್ಸ್

ಆ ಹಾಡು ಹುಟ್ಟಿದ್ದು ಯಾವ ಪ್ಲಾನಿಂಗ್‌ನಿಂದಲೂ ಅಲ್ಲ. ಅಣ್ಣ ಬೆಳಿಗ್ಗೆ ಆರೂ ಕಾಲಿಗೆ ಸ್ಟೇಷನ್ನಿಗೆ ಬರುತ್ತಿದ್ದರು. ಏಳಕ್ಕೆ ಶೋ. ಮನೆಯಲ್ಲಿ ಅಷ್ಟು ಬೇಗ ತಿಂಡಿ ಇಳಿಯುತ್ತಿರಲಿಲ್ಲ. ಹಾಗಾಗಿ ಡಬ್ಬಿ ತರುತ್ತಿದ್ದರು, ಎರಡು ಅಂತಸ್ತಿನ ಸ್ಟೀಲ್ ಡಬ್ಬಿ. ಮೇಲೆ ಚಟ್ನಿ, ಕೆಳಗೆ ಇಡ್ಲಿ ಅಥವಾ ಖಾರಾಬಾತು. ಸ್ಟುಡಿಯೋ ಒಳಗೆ ತಿನ್ನುವ ಹಾಗಿಲ್ಲ. ಕಾನ್ಸೋಲ್ ಮೇಲೆ ಚಟ್ನಿ ಬಿದ್ದರೆ ಇಂಜಿನಿಯರ್ ಸುಮ್ನೆ ಬಿಡುತ್ತಾರಾ? ಹೊರಗೆ ಬಂದು ಪ್ಯಾಂಟ್ರಿಯಲ್ಲಿ ತಿಂದು, ಕೈ ತೊಳೆದು, ಕಾಫಿ ಕುಡಿದು ಮತ್ತೆ ಮೈಕಿನ ಮುಂದೆ ಕೂರಲು ಎಂಟೊಂಬತ್ತು ನಿಮಿಷ ಬೇಕು. ಈಗಿನ ಹಾಡು ಮೂರೂವರೆ ನಿಮಿಷಕ್ಕೆ ಮುಗಿಯುತ್ತದೆ. ಹಳೇ ಕಾಲದ ಹಾಡಾದರೆ ಐದು, ಐದೂವರೆ ನಿಮಿಷದ್ದು ಸಿಗುತ್ತಿತ್ತು. ಅದರ ಬೆನ್ನಿಗೆ ಜಾಹೀರಾತು. ಅಲ್ಲಿಗೆ ಲೆಕ್ಕ ಸರಿಹೋಯಿತು. ಹೀಗೆ ಒಬ್ಬರ ಇಡ್ಲಿಗಾಗಿ ಶುರುವಾದ ಹಾಡು ಅದು. ದಿನಾ ಹಸಿವು ಅದೇ ಹೊತ್ತಿಗೆ ಆಗುತ್ತಿದ್ದದ್ದರಿಂದ ಹಾಡೂ ಅದೇ ಹೊತ್ತಿಗೆ ಬರುತ್ತಿತ್ತು. ಅದಕ್ಕೆ ಒಂದು ಹೆಸರು ಕೂಡ ಇರಲಿಲ್ಲ, ಜಿಂಗಲ್ ಇರಲಿಲ್ಲ. "ಟೈಮು ಎಂಟೂ ಇಪ್ಪತ್ತು" ಅಂತ ಹೇಳಿ ಹಾಡಿನ ದನಿ ಏರಿಸುವ ಫೇಡರ್ ಎತ್ತಿ ಎದ್ದು ಬರುತ್ತಿದ್ದರು, ಅಷ್ಟೆ.

ಅಣ್ಣ ಭಾರಿ ಪ್ರತಿಭೆ ಏನಲ್ಲ ಅಂತ ಆಗ ನನಗೆ ಅನ್ನಿಸುತ್ತಿತ್ತು. ಈಗಲೂ ಪೂರ್ತಿ ಬದಲಾಗಿಲ್ಲ. ಜೋಕುಗಳು ಹಳಸಲು. ನಗುವುದು ಜಾಸ್ತಿ. ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಕೊಡುವ ಹಾಗಿಲ್ಲ. ನೀರು, ಕರೆಂಟು, ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ಇಂಥವಕ್ಕೆ ಅಡ್ಡಿ ಇಲ್ಲ. ಬೇರೆ ಆರ್‌ಜೆಗಳು ಇದನ್ನೆಲ್ಲ ಹಾಡಿನ ನಡುವೆ ಗಬಗಬ ಓದಿ ಮುಗಿಸುತ್ತಿದ್ದರು. ಅಣ್ಣ ಮಾತ್ರ ಇದನ್ನೇ ದೊಡ್ಡ ಕೆಲಸ ಅಂದುಕೊಂಡಿದ್ದರು. ವಾಣಿ ವಿಲಾಸ ವಾಟರ್ ವರ್ಕ್ಸ್‌ಗೆ ಫೋನ್ ಮಾಡಿ ಇವತ್ತು ಯಾವ ಬಡಾವಣೆಗೆ ನೀರಿಲ್ಲ ಅಂತ ಕೇಳುವುದು, ಸೆಸ್ಕ್‌ನವರನ್ನು ಕೇಳಿ ಎಲ್ಲೆಲ್ಲಿ ಕರೆಂಟ್ ತೆಗೆಯುತ್ತಾರೆ ಅಂತ ಬರೆದುಕೊಳ್ಳುವುದು. ಅದೂ ಏಳೂ ಹತ್ತಕ್ಕೆ ಅಂದರೆ ಏಳೂ ಹತ್ತಕ್ಕೆ. ಒಂದು ನಿಮಿಷ ಆಚೀಚೆ ಆದರೆ ನನ್ನ ಮೇಲೆ ಸಿಟ್ಟು. "ಯಾರೋ ಮೋಟರ್ ಹಾಕೋದಕ್ಕೆ ಕಾಯ್ತಿರ್ತಾರೆ ಕಣೋ" ಅನ್ನುತ್ತಿದ್ದರು. ನಾನು ಇದನ್ನು ಅವರ ಗೀಳು ಅಂದುಕೊಂಡಿದ್ದೆ.

ಆಷಾಢದಲ್ಲಿ ಹೊಸ ಶೋ

ಶೋ ಕುಂಟುತ್ತಿತ್ತು, ಅದು ಸುಳ್ಳಲ್ಲ. ಕೊರೊನಾ ಬಂದು ಹೋದ ಮೇಲೆ ಅಂಗಡಿಯವರು ಜಾಹೀರಾತಿನ ದುಡ್ಡನ್ನು ಮೊಬೈಲ್ ಕಡೆ ತಿರುಗಿಸಿದ್ದರು. ಬೆಳಗಿನ ಶೋ ಅಂದರೆ ರೇಡಿಯೋದಲ್ಲಿ ಮನೆ ನಡೆಸುವ ಯಜಮಾನ ಇದ್ದ ಹಾಗೆ. ಅಲ್ಲಿ ಜಾಹೀರಾತು ಕಡಿಮೆ ಆದರೆ ಇಡೀ ಸ್ಟೇಷನ್ ಉಪವಾಸ. ಎಷ್ಟು ಜನ ಕೇಳುತ್ತಿದ್ದಾರೆ ಅಂತ ಎಣಿಸಿ ನೋಡೋಣ ಅಂದರೆ ಮೈಸೂರಿನಲ್ಲಿ ಅದಕ್ಕೂ ದಾರಿ ಇರಲಿಲ್ಲ. ರೇಡಿಯೋ ಕೇಳುಗರನ್ನು ಅಳೆಯುವ ರ‍್ಯಾಮ್ ಅಂತ ಒಂದು ಲೆಕ್ಕ ಇದ್ದದ್ದು ದೆಹಲಿ, ಮುಂಬೈ, ಕೋಲ್ಕತ್ತಾ, ಬೆಂಗಳೂರಿಗೆ. ನಮ್ಮಲ್ಲಿ ಲೆಕ್ಕ ಅಂದರೆ ಬಂದ ಫೋನು, ಬಂದ ವಾಟ್ಸಾಪ್ ಮೆಸೇಜು, ಮತ್ತೆ ದೇವರಾಜ ಅರಸು ರಸ್ತೆಯ ಯಾವುದೋ ಸೀರೆ ಅಂಗಡಿಯವರು "ನಿಮ್ಮಲ್ಲಿ ಕೇಳಿ ಬಂದ್ವಿ ಅಂತ ಯಾರೂ ಹೇಳ್ಲಿಲ್ಲ" ಅಂದ ಮಾತು. ಸ್ಕೂಲ್ ಆಟೋದವರು ಫೋನೂ ಮಾಡಲ್ಲ, ಮೆಸೇಜೂ ಹಾಕಲ್ಲ. ಅವರ ಎರಡು ಕೈಯೂ ಹ್ಯಾಂಡಲ್ ಮೇಲಿರುತ್ತವೆ.

ಬೆಂಗಳೂರಿನಿಂದ ಪ್ರೋಗ್ರಾಮಿಂಗ್‌ನವರು ಬಂದರು. ಹೊಸ ದನಿ ಬೇಕು ಅಂದರು. ಹಳೇ ದನಿಯ ಸಂಬಳ ಜಾಸ್ತಿ ಆಗಿತ್ತು ಅನ್ನುವುದೂ ಒಂದು ಕಾರಣ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೇಜಿನ ಮೇಲೆ ಕ್ಲಾಕ್ ಬಿಡಿಸಿದರು. ರೇಡಿಯೋದವರು ಒಂದು ಗಂಟೆಯನ್ನು ದುಂಡಗೆ ಬರೆದು, ಒಬ್ಬಟ್ಟು ಕತ್ತರಿಸಿದ ಹಾಗೆ ಹಾಡಿಗಿಷ್ಟು, ಮಾತಿಗಿಷ್ಟು, ಜಾಹೀರಾತಿಗಿಷ್ಟು ಅಂತ ತುಂಡು ಮಾಡುತ್ತಾರೆ. ಅದಕ್ಕೆ ಕ್ಲಾಕ್ ಅಂತಲೇ ಹೆಸರು. ಎಂಟರ ಕ್ಲಾಕಿನಲ್ಲಿ ಇಪ್ಪತ್ತನೇ ನಿಮಿಷದಲ್ಲಿ ನಿಂತು, "ಇದೇನು, ಯೂತ್ ಶೋನಲ್ಲಿ ಐವತ್ತು ವರ್ಷದ ಹಳೇ ಹಾಡು?" ಅಂದರು. ಅದು ಅವರ ತಿಂಡಿ ಟೈಮು ಅಂತ ನಾನು ನಗುತ್ತಾ ಹೇಳಿದೆ. ಎಲ್ಲರೂ ನಕ್ಕರು. ಪೆನ್ನು ನನ್ನ ಕೈಯಲ್ಲಿತ್ತು. ನಾನೇ ಗೀಟು ಹಾಕಿದೆ. ಅಲ್ಲಿ ಪ್ರಾಂಕ್ ಕಾಲ್ ಹಾಕೋಣ ಅಂದವನೂ ನಾನೇ. ಏಳೂ ಹತ್ತರ ನೀರು-ಕರೆಂಟನ್ನು "ಹಾಡಿನ ನಡುವೆ ಎಲ್ಲಾದರೂ" ಅಂತ ಬರೆದೆವು.

ಬದಲಾವಣೆಗೆ ಇಟ್ಟ ದಿನ 2022ರ ಆಷಾಢದ ಒಂದು ಸೋಮವಾರ. ದಸರಾ ಸೀಸನ್ನಿಗೆ ಮುಂಚೆ ಹೊಸ ಶೋ ಪಳಗಿರಲಿ ಅಂತ ಲೆಕ್ಕ. ಆಫೀಸು ಗುಡಿಸುವ ಅಕ್ಕ ಮಾತ್ರ "ಆಷಾಢದಲ್ಲಿ ಯಾರಾದ್ರೂ ಹೊಸದು ಶುರು ಮಾಡ್ತಾರಾ?" ಅಂತ ಗೊಣಗಿದರು.

ಅಣ್ಣನ ಕೊನೆಯ ಶುಕ್ರವಾರ ನಾನು ಗಾಜಿನ ಆಚೆ ಇದ್ದೆ. ಅದು ಕೊನೆಯ ಶೋ ಅಂತ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಕೇಳುವವರಿಗೆ ಗೊತ್ತಿರಲಿಲ್ಲ. ಹೇಳಬಾರದು ಅಂತ ಅಪ್ಪಣೆ. ಈ ಧಂದೆಯಲ್ಲಿ ಇದು ಹೊಸದಲ್ಲ. ಹೋಗುವವನ ಕೈಗೆ ಮೈಕು ಕೊಟ್ಟರೆ ಏನಾದರೂ ಅಂದುಬಿಟ್ಟಾನು ಅನ್ನುವ ಭಯ. ಅವತ್ತೂ ಎಂಟೂ ಇಪ್ಪತ್ತಕ್ಕೆ ಹಾಡು ಹಾಕಿ ಹೊರಗೆ ಬಂದರು. ಡಬ್ಬಿ ಬಿಚ್ಚಿದರು. ಅವತ್ತು ಅವರೆಕಾಳು ಉಪ್ಪಿಟ್ಟು, ಕಾಲ ಅಲ್ಲದ ಕಾಲದಲ್ಲಿ. "ಫ್ರಿಜ್ಜಿನಲ್ಲಿಟ್ಟಿದ್ದ ಕಾಳು, ಇವತ್ತು ಖಾಲಿ ಮಾಡಿದ್ಲು" ಅಂದರು. ನನಗೂ ಮುಚ್ಚಳದಲ್ಲಿ ಹಾಕಿಕೊಟ್ಟರು. ಇಬ್ಬರೂ ನಿಂತುಕೊಂಡೇ ತಿಂದೆವು. ಹನ್ನೊಂದಕ್ಕೆ ಶೋ ಮುಗಿಸುವಾಗ ದಿನಾ ಹೇಳುವ ಹಾಗೆಯೇ "ಸಿಗೋಣ" ಅಂದರು. ದಿನಾ "ನಾಳೆ ಸಿಗೋಣ" ಅನ್ನುತ್ತಿದ್ದರು, ಶುಕ್ರವಾರ "ಸೋಮವಾರ ಸಿಗೋಣ". ಅವತ್ತು ಆ ಒಂದು ಪದ ಬಿಟ್ಟರು. ಅದನ್ನು ಎಷ್ಟು ಜನ ಗಮನಿಸಿದರೋ ಏನೋ. ಆಮೇಲೆ ಡಬ್ಬಿ ತೊಳೆದುಕೊಂಡು, ತಮ್ಮ ಕಾಫಿ ಲೋಟವನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿಕೊಂಡು ಹೋದರು.

"ಇದಾನೋ ಇಲ್ವೋ?"

ಸೋಮವಾರದಿಂದ ಮಂಡ್ಯ ಕಡೆಯ ಒಂದು ಹುಡುಗಿ ಶೋ ಮಾಡಿದಳು. ಇಪ್ಪತ್ನಾಲ್ಕು ವರ್ಷ. ಅದಕ್ಕೆ ಮುಂಚೆ ಭಾನುವಾರದ ಶೋ ಮಾಡುತ್ತಿದ್ದಳು. ಚೂಟಿ. ಅವಳ ಕಷ್ಟ ಏನೆಂದರೆ, ನಾವು ಅವಳಿಗೆ ಎರಡು ಕೆಲಸ ಕೊಟ್ಟಿದ್ದೆವು, ಒಂದಕ್ಕೊಂದು ಆಗದ್ದು. ಅಣ್ಣನ ಹಾಗೆ ಇರಬೇಡ, ಹೊಸದಾಗಿರು ಅಂತ ಬೆಂಗಳೂರಿನವರು. ಅಣ್ಣ ಇಲ್ಲಿ ಒಂದು ನಗು ಕೊಡ್ತಿದ್ದರು, ನೀನೂ ಕೊಡು ಅಂತ ನಾನು. ಅವಳ ಬಾಯಲ್ಲಿ ಸಹಜವಾಗಿ ಬರುತ್ತಿದ್ದ "ಎಂಗೆ", "ಬತ್ತೀನಿ" ಎಲ್ಲವನ್ನೂ ತಿದ್ದಿದ್ದೆವು. ಉಳಿದದ್ದು ಯಾವ ಊರಿನದೂ ಅಲ್ಲದ ಒಂದು ಕನ್ನಡ.

ಅಣ್ಣ ಎಲ್ಲಿ ಅಂತ ಯಾರಾದರೂ ಕೇಳಿದರೆ ರಜೆಯಲ್ಲಿದ್ದಾರೆ ಅನ್ನಬೇಕು ಅಂತ ನಮಗೆ ಹೇಳಿತ್ತು. ಮೊದಲ ವಾರ ಹಾಗೇ ಅಂದೆವು. ಎರಡನೇ ವಾರ ಫೋನುಗಳ ದನಿ ಬದಲಾಯಿತು. ಕೊರೊನಾದ ಆ ಎರಡು ವರ್ಷ ಜನ ಏನೇನು ನೋಡಿದ್ದರು ಅನ್ನುವುದನ್ನು ನಾವು ಮರೆತೇಬಿಟ್ಟಿದ್ದೆವು. ದಿನಾ ಕೇಳುತ್ತಿದ್ದ ದನಿ ಒಂದು ದಿನ ಇದ್ದಕ್ಕಿದ್ದಂತೆ ನಿಂತರೆ ಅವರ ಮನಸ್ಸು ಎಲ್ಲಿಗೆ ಹೋಗುತ್ತದೆ? ಒಂಟಿಕೊಪ್ಪಲಿನಿಂದ ಒಬ್ಬರು ಅಜ್ಜಿ ಫೋನ್ ಮಾಡಿದರು. ಹಾಡು ಓಡುತ್ತಿತ್ತು, ಹುಡುಗಿಯೇ ಎತ್ತಿಕೊಂಡಳು, ನನಗೂ ಹೆಡ್‌ಫೋನಿನಲ್ಲಿ ಕೇಳಿಸುತ್ತಿತ್ತು. ಅಣ್ಣ ರಜೆ ಅಂತ ಇವಳು ಅಂದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಕಣಮ್ಮ, ನನ್ ಹತ್ರ ನಿಜ ಹೇಳು. ಆ ಹುಡುಗ ಇದಾನೋ ಇಲ್ವೋ?" ಅಂದರು.

ಹುಡುಗಿ ನನ್ನ ಕಡೆ ನೋಡಿದಳು. ನಾನು ಕಣ್ಣು ತಪ್ಪಿಸಿದೆ. ಹಾಡು ಮುಗಿಯುವುದಕ್ಕೆ ಇನ್ನೂ ಹದಿನೈದು ಸೆಕೆಂಡ್ ಇತ್ತು, ಅವಳು ಫೇಡರ್ ಎಳೆದು ಮೈಕ್ ಆನ್ ಮಾಡಿದಳು. "ಒಬ್ರು ಅಜ್ಜಿ ಫೋನ್ ಮಾಡಿದ್ರು. ಅಣ್ಣ ಚೆನ್ನಾಗವ್ರೆ ಕಣಜ್ಜಿ. ಏನೂ ಆಗಿಲ್ಲ. ಕೆಲಸ ಬಿಟ್ಟವ್ರೆ ಅಷ್ಟೆ. ಅವ್ರ ಜಾಗಕ್ಕೆ ನಾನು ಬಂದಿವ್ನಿ. ಇನ್ನೂ ಕಲೀತಾ ಇವ್ನಿ" ಅಂದಳು. ಆಮೇಲೆ ಮುಂದಿನ ಹಾಡು. ನಾವು ತಿದ್ದಿದ್ದ ಕನ್ನಡ ಎಲ್ಲಿ ಹೋಯಿತೋ.

ಐದು ನಿಮಿಷದಲ್ಲಿ ಬೆಂಗಳೂರಿನಿಂದ ನನಗೆ ಫೋನು. ಈ ಲಿಂಕ್, ಅಂದರೆ ಹಾಡುಗಳ ನಡುವಿನ ಮಾತು, ಬರೆದಿದ್ದು ಯಾರು ಅಂತ ಕೇಳಿದರು. "ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ ಸರ್" ಅಂದೆ. ಅದು ನಿಜ. ಅವಳು ಮಾಡಿದ್ದು ಸರಿ ಅನ್ನುವುದೂ ನನಗೆ ಗೊತ್ತಿತ್ತು, ಅದನ್ನು ಮಾತ್ರ ಹೇಳಲಿಲ್ಲ. ಆ ಶನಿವಾರ ಏರ್‌ಚೆಕ್‌ನಲ್ಲಿ, ಅಂದರೆ ಪ್ರಸಾರವಾದ ಶೋವನ್ನು ಮತ್ತೆ ಕೇಳಿ ತಪ್ಪು-ಒಪ್ಪು ನೋಡುವ ಕೂಟದಲ್ಲಿ, ಅದೇ ತುಣುಕನ್ನು ಅವಳಿಗೆ ಮೂರು ಸಲ ಕೇಳಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಅವಳು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಅಣ್ಣ ಎಲ್ಲಿ ಅಂತ ಕೇಳುವ ಫೋನು ಆಮೇಲೆ ಒಂದೂ ಬರಲಿಲ್ಲ ಅನ್ನುವುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಅವತ್ತು ಏರ್‌ಚೆಕ್‌ನಲ್ಲಿ ಹೇಳಬೇಕಾಗಿತ್ತು.

ಹೆಸರು ಹೇಳದ ದನಿಗಳು

ನಮ್ಮಮ್ಮನಿಗೆ ಸಂಸ್ಕೃತ ಬರುವುದಿಲ್ಲ. ಆದರೂ ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಬೆಳಿಗ್ಗೆ 6.55ರ ಸಂಸ್ಕೃತ ವಾರ್ತೆ ತಪ್ಪಿದ್ದಿಲ್ಲ. "ಇಯಂ ಆಕಾಶವಾಣಿ" ಅಂದ ತಕ್ಷಣ ಕುಕ್ಕರ್ ಒಲೆ ಮೇಲೆ ಹೋಗಬೇಕು, ನಾನು ಬಚ್ಚಲಿಗೆ ಹೋಗಬೇಕು. ವಾರ್ತೆಯಲ್ಲಿ ಏನು ಹೇಳಿದರು ಅಂತ ಅಮ್ಮನಿಗೂ ಬೇಕಿರಲಿಲ್ಲ, ನನಗೂ ಬೇಕಿರಲಿಲ್ಲ. ಇದನ್ನು ಓದುವವರಲ್ಲಿ ಅರ್ಧ ಜನರ ಮನೆಯಲ್ಲೂ ಹೀಗೇ ಇದ್ದಿರಬೇಕು, ಅಲ್ವಾ?

ಆಟೋದವರ ಮಾತು ಕೇಳಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಆಕಾಶವಾಣಿಯಲ್ಲಿ ಉದ್ಘೋಷಕರಿಗೆ ಪಾಳಿ ಇತ್ತು. ಇವತ್ತು ಬೆಳಿಗ್ಗೆ ಒಬ್ಬರು, ನಾಳೆ ಬೆಳಿಗ್ಗೆ ಇನ್ನೊಬ್ಬರು. ನಮಗೆ ದನಿಗಳ ಗುರುತು ಹತ್ತಿತ್ತು, ಹೆಸರು ಎಷ್ಟೋ ಸಲ ಗೊತ್ತೇ ಇರುತ್ತಿರಲಿಲ್ಲ. ಯಾರೋ ನಿವೃತ್ತರಾದರು, ಯಾರಿಗೋ ವರ್ಗ ಆಯಿತು ಅಂತ ನಮ್ಮಮ್ಮ ರೇಡಿಯೋ ಆಫ್ ಮಾಡಲಿಲ್ಲ. ದನಿ ಬದಲಾದರೂ ಚಿಂತನ ಚಿಂತನದ ಹೊತ್ತಿಗೆ, ಪ್ರದೇಶ ಸಮಾಚಾರ ಅದರ ಹೊತ್ತಿಗೆ ಬರುತ್ತಿತ್ತು. ಹಾಗಂತ ಆಕಾಶವಾಣಿಯನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಅಲ್ಲಿ ಎಷ್ಟೋ ಕಾರ್ಯಕ್ರಮ ಕೇಳುತ್ತಾ ನಿದ್ದೆ ಬಂದದ್ದೂ ಇದೆ.

ಮೈಸೂರಿನವರು ಇದನ್ನು ಮರೆಯುವ ಹಾಗೂ ಇಲ್ಲ. ಆಕಾಶವಾಣಿ ಇಲ್ಲಿ ಒಬ್ಬ ಮನುಷ್ಯನ ಮನೆಯಲ್ಲಿ ಶುರುವಾದದ್ದು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠಲ ವಿಹಾರದಲ್ಲಿ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. 30 ವಾಟ್ ಅಂದರೆ ಹಳೇ ಕಾಲದ ಒಂದು ಟ್ಯೂಬ್‌ಲೈಟಿಗಿಂತ ಕಡಿಮೆ. ಒಬ್ಬರ ಕೈಖರ್ಚಿನ, ಒಬ್ಬರ ಹುಚ್ಚಿನ ಸ್ಟೇಷನ್ ಅದು. ಆಮೇಲೆ ಸಂಸ್ಥಾನ ವಹಿಸಿಕೊಂಡಿತು, ಆಮೇಲೆ ದೇಶದ ರೇಡಿಯೋಕ್ಕೆಲ್ಲ ಆ ಹೆಸರು ಬಂತು. ಯಾದವಗಿರಿಯಲ್ಲಿ ಸ್ಟೇಷನ್ ಈಗಲೂ ಇದೆ. ಪ್ರೊಫೆಸರರಿಂದ ಬೇರೆಯವರ ಕೈಗೆ ಹೋದಾಗ ಅಲ್ಲೂ ಯಾರೋ "ಹೊಸ ದನಿ ಬೇಕು" ಅಂದಿರಬಹುದು. ಆದರೆ ಕೇಳುವವರ ಹೊತ್ತು ಕೆಡಿಸಿದ್ದರೆ ಅದು ಇಷ್ಟು ದಿನ ಬಾಳುತ್ತಿತ್ತಾ ಅಂತ ನನಗೆ ಅನುಮಾನ.

ನಾವು ಮಾಡಿದ್ದು ಆರ್‌ಜೆಯೇ ಶೋ ಅಂತ ಊರೆಲ್ಲ ಬೋರ್ಡ್ ಹಾಕಿಸಿದ್ದು. ಆಮೇಲೆ ಆ ಮುಖ ಇಳಿಸಿ ಇನ್ನೊಂದು ಮುಖ ಏರಿಸಿದ್ದು. ಜನ ಫೋನ್ ಮಾಡಿ ಅಣ್ಣ ಬೇಕು ಅಂದಾಗ ಅಣ್ಣನ ಮಾತು ಬೇಕು ಅಂತ ತಿಳಿದು, ಹುಡುಗಿಯ ಕೈಲಿ ಇನ್ನೂ ಜಾಸ್ತಿ ಮಾತಾಡಿಸಿದೆವು. ಪಾಪ, ಅವಳ ಮಾತಿನಲ್ಲಿ ಏನೂ ಕೊರತೆ ಇರಲಿಲ್ಲ. ಏಳೂ ಹತ್ತರ ನೀರು, ಎಂಟೂ ಇಪ್ಪತ್ತರ ಹಾಡು, ಇವೆರಡು ಇದ್ದಲ್ಲೇ ಇದ್ದು ದನಿ ಮಾತ್ರ ಅವಳದಾಗಿದ್ದರೆ ಜನ ಒಂದು ವಾರ ಗೊಣಗಿ ಒಗ್ಗಿಕೊಳ್ಳುತ್ತಿದ್ದರೋ ಏನೋ. ಮನೆಗೆ ಹೊಸ ಸೊಸೆ ಬಂದ ದಿನವೇ ಅಡುಗೆಮನೆ ಡಬ್ಬಗಳನ್ನೆಲ್ಲ ಬೇರೆ ಕಡೆ ಜೋಡಿಸಿ, ಸಾಸಿವೆ ಸಿಗದಿದ್ದಕ್ಕೆ ಸೊಸೆಯನ್ನು ಬೈದ ಹಾಗಾಯಿತು.

ದಸರಾ ಬಂತು, ಜಾಹೀರಾತೂ ಬಂತು, ಹೋದ ವರ್ಷದಷ್ಟು ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಮೈಸೂರಿನ ಬೆಳಗಿನ ಶೋವನ್ನೇ ನಿಲ್ಲಿಸಿ ಬೆಂಗಳೂರಿನ ಶೋ ಇಲ್ಲಿಗೂ ಹರಿಸಿದರು. ಅಗ್ರಹಾರ ಸರ್ಕಲ್ಲಿನಲ್ಲಿ ನಿಂತ ಜನ ಸಿಲ್ಕ್ ಬೋರ್ಡಿನ ಟ್ರಾಫಿಕ್ ಕೇಳಿದರು. ಹುಡುಗಿ ಮಂಡ್ಯಕ್ಕೆ ವಾಪಸ್ ಹೋದಳು, ಬಿ.ಎಡ್. ಮುಗಿಸಿ ಈಗ ಹೈಸ್ಕೂಲಿನಲ್ಲಿ ಕನ್ನಡ ಹೇಳುತ್ತಾಳೆ. ನಾನು ಮಂಡ್ಯಕ್ಕೆ ವಾರಕ್ಕೆರಡು ದಿನ ಪಾಠಕ್ಕೆ ಹೋಗುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿ ಎರಡು ಸಲ ಸಿಕ್ಕಿದ್ದಳು. "ಚೆನ್ನಾಗಿದೀರಾ ಸರ್" ಅಂತ ಕೇಳಿದಳು. ಆ ಶನಿವಾರದ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅಣ್ಣ ಮದುವೆ, ನಾಮಕರಣಗಳಿಗೆ ನಿರೂಪಣೆ ಮಾಡುತ್ತಾರೆ. ಛತ್ರಗಳಲ್ಲಿ ತಿಂಡಿಗೆ ಕೊರತೆ ಇಲ್ಲ ಅಂತ ನಗುತ್ತಾರೆ.

ಆಟೋ ಮನೆ ಮುಂದೆ ನಿಂತಿತು. ದುಡ್ಡು ಕೊಡುವಾಗ ಅದೇನು ಅನ್ನಿಸಿತೋ, "ಅಣ್ಣ, ನಾನು ಅಲ್ಲೇ ಕೆಲಸ ಮಾಡ್ತಿದ್ದೆ. ಆ ಹಾಡು ಹಾಕಿ ಅವರು ತಿಂಡಿ ತಿನ್ನೋಕೆ ಹೋಗ್ತಿದ್ರು" ಅಂದೆ. ಹಾಡು ತೆಗೆಸಿದ್ದು ಯಾರು ಅಂತ ಹೇಳುವ ಧೈರ್ಯ ಬರಲಿಲ್ಲ.

ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ಗಟ್ಟಿಯಾಗಿ ನಕ್ಕರು. "ನೋಡಿ ಸಾರ್, ಮಕ್ಕಳನ್ನ ಇಳಿಸಿ ನಾನೂ ಅಲ್ಲೇ ಗಾಡಿ ಹತ್ರ ಇಡ್ಲಿ ತಿಂತಿದ್ದೆ. ನಾನು ಹೋಗೋ ಹೊತ್ಗೆ ಅವ್ರದು ಮುಗಿದಿರೋದು" ಅಂದರು. ಹತ್ತು ರೂಪಾಯಿ ವಾಪಸ್ ಕೊಟ್ಟು ಆಟೋ ತಿರುಗಿಸಿಕೊಂಡು ಹೋದರು.